ಬಂಡೆಯಿಂದ ಹಾರುವವರಿಗೆ ಪರ್ಮಿಟ್ ಕೊಡ್ಬೇಕಾ? ಗೆಳೆಯನಿಗೊಂದು ಪತ್ರ

ಏ ಮಾರಾಯ,

ನಿನ್ನ ವಾಯ್ಸ್ ನೋಟ್ ಪೂರ್ತಿ ಕೇಳಿದೆ. ಫೋನಲ್ಲಿ ಉತ್ತರ ಹೇಳ್ಲಿಕ್ಕೆ ಹೋದ್ರೆ ನೀನು ಮಧ್ಯ ಬಾಯಿ ಹಾಕ್ತಿ, ಆಮೇಲೆ ವಿಷಯ ಎಲ್ಲಿಂದೆಲ್ಲಿಗೋ ಹೋಗಿ ಕಾಲೇಜಿನ ಯಾರದ್ದೋ ಮದುವೆಗೆ ಬಂದು ನಿಲ್ತದೆ, ಹಾಗಾಗಿ ಬರೀತಾ ಇದ್ದೇನೆ, ಅದೂ ಎಲ್ಲರಿಗೂ ಕಾಣುವ ಹಾಗೆ. ನಮ್ಮ ಬ್ಯಾಚಿನವರು ಓದಿ ನಿನ್ನ ಪರ ಮಾತಾಡುವುದಾದ್ರೆ ಮಾತಾಡ್ಲಿ, ನಂಗೇನೂ ಬೇಜಾರಿಲ್ಲ.

ನೀನು ಹೇಳಿದ್ದು ಇಷ್ಟೇ ಅಲ್ವಾ. ಅಮೆರಿಕದ ಯೊಸೆಮಿಟಿ ನ್ಯಾಷನಲ್ ಪಾರ್ಕ್ ಜನರ ಜಾಗ, ಜನರ ತೆರಿಗೆಯಲ್ಲಿ ನಡೆಯುವ ಪಾರ್ಕು, ಅಲ್ಲಿ ಎಲ್ ಕ್ಯಾಪಿಟನ್ ಬಂಡೆಯ ತುದಿಗೆ ಹೋಗಿ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವವ ಹಾರ್ಲಿ, ಸತ್ರೆ ಅವನೇ ಸಾಯ್ತಾನೆ, ಸರ್ಕಾರಕ್ಕೆ ಎಂತ ನೋವು ಅಂತ. ಅಲ್ಲಿ ಹಾರುವುದಕ್ಕೆ ಇರುವ ಬ್ಯಾನ್ ತೆಗೀಬೇಕು ಅನ್ನುವುದಕ್ಕೆ ನಾನೂ ಹೌದು ಅಂತೇನೆ. ಆದ್ರೆ "ಸತ್ರೆ ಅವನೇ ಸಾಯ್ತಾನೆ" ಅಂದ್ಯಲ್ಲ, ಅದು ಮಾತ್ರ ನಂಗೆ ಗಂಟಲಲ್ಲಿ ಇಳೀಲಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೇನೆ, ಇದು ವಿಮಾನದಿಂದ ಹಾರುವ ಸ್ಕೈಡೈವಿಂಗ್ ಅಲ್ಲ. ಕಟ್ಟಡ, ಟವರ್, ಸೇತುವೆ, ಬಂಡೆ ಇಂಥದ್ದರಿಂದ ಹಾರುವುದು, ಬೇಸ್ ಜಂಪಿಂಗ್ ಅಂತಾರೆ. ವಿಮಾನದಿಂದ ಹಾರುವವನ ಬೆನ್ನಲ್ಲಿ ಎರಡು ಪ್ಯಾರಾಚೂಟ್ ಇರ್ತದೆ, ಒಂದು ಕೈಕೊಟ್ರೆ ಇನ್ನೊಂದು. ಇವರದ್ದು ಒಂದೇ, ಯಾಕಂದ್ರೆ ಎರಡನೆಯದನ್ನು ಬಿಚ್ಚುವಷ್ಟು ಟೈಮೇ ಇರುವುದಿಲ್ಲ. ಅಮೆರಿಕದ ಐಡಾಹೊದ ಪೆರಿನ್ ಸೇತುವೆ ನದಿಯಿಂದ 148 ಮೀಟರ್ ಎತ್ತರ, ಏನೂ ಬಿಚ್ಚದೆ ಬಿದ್ರೆ ಐದೂವರೆ ಸೆಕೆಂಡಲ್ಲಿ ನೀರು. ಬಂಡೆಯಾದ್ರೆ ಇನ್ನೊಂದು ಕಥೆ, ಪ್ಯಾರಾಚೂಟ್ ಸರಿಯಾಗಿಯೇ ಬಿಚ್ಚಿದ್ರೂ ಮುಖ ಬಂಡೆಯ ಕಡೆಗೆ ತಿರುಗಿ ಬಿಚ್ಚಿದ್ರೆ ಹೋಗಿ ಗೋಡೆಗೇ ಹೊಡೀತಾನೆ.

ಎಷ್ಟು ಡೇಂಜರ್ ಅಂತ ಕೇಳಿದ್ಯಲ್ಲ, ನಾರ್ವೆಯ ಶೆರಾಗ್ ಬಂಡೆಯ ಲೆಕ್ಕ ಉಂಟು. 1995ರಿಂದ 2005ರವರೆಗೆ ಅಲ್ಲಿ 20,850 ಸಲ ಹಾರಿದ್ದಾರೆ, ಸತ್ತವರು 9 ಜನ, ಅಂದ್ರೆ ಸುಮಾರು 2,300 ಹಾರಾಟಕ್ಕೆ ಒಂದು ಸಾವು. ವಿಮಾನದಿಂದ ಹಾರುವವರ ಲೆಕ್ಕ ನೋಡು, ಅಮೆರಿಕದಲ್ಲಿ 2023ರಲ್ಲಿ ಸುಮಾರು 36.5 ಲಕ್ಷ ಹಾರಾಟಕ್ಕೆ 10 ಸಾವು. ಹಾಗಾಗಿ "ಬೈಕ್ ಓಡಿಸುವುದೂ ರಿಸ್ಕೇ ಅಲ್ವಾ" ಅನ್ನುವ ನಿನ್ನ ಡೈಲಾಗನ್ನು ಇಲ್ಲಿ ತರ್ಬೇಡ, ಇದು ಬೇರೆಯೇ ಲೆವೆಲ್ಲು.

ಇಷ್ಟು ಡೇಂಜರ್ ಇದ್ರೂ ಯಾಕೆ ಬ್ಯಾನ್ ಬೇಡ ಅಂತೇನೆ ಅಂದ್ರೆ, ಆ ಬ್ಯಾನ್ ಡೇಂಜರನ್ನು ಕಡಿಮೆ ಮಾಡ್ಲಿಲ್ಲ, ಜಾಸ್ತಿ ಮಾಡಿತು. ಎಲ್ ಕ್ಯಾಪಿಂದ ಮೊದಲು ಹಾರಿದ್ದು 1966ರಲ್ಲಿ ಇಬ್ಬರು, ಮೈಕಲ್ ಪೆಲ್ಕಿ ಮತ್ತೆ ಬ್ರಯಾನ್ ಶೂಬರ್ಟ್, ಇಬ್ಬರೂ ಮೂಳೆ ಮುರ್ಕೊಂಡ್ರು. 1978ರಲ್ಲಿ ಕಾರ್ಲ್ ಬೋನಿಷ್ ಅನ್ನುವವ ತಿರುಗಿಸ್ಲಿಕ್ಕೆ ಬರುವ ಹೊಸ ಚೌಕದ ಪ್ಯಾರಾಚೂಟ್ ಕಟ್ಟಿದವರನ್ನು ಅಲ್ಲಿಂದ ಹಾರಿಸಿ ಫಿಲ್ಮ್ ಮಾಡಿದ, ಅಲ್ಲಿಂದ ಎಲ್ಲರಿಗೂ ಹುಚ್ಚು ಹಿಡೀತು. 1980ರಲ್ಲಿ ಪಾರ್ಕಿನವರೇ ಟ್ರಯಲ್ ಅಂತ ಪರ್ಮಿಟ್ ಕೊಟ್ರು, ಆಗಸ್ಟಲ್ಲಿ ಶುರು ಮಾಡಿ ಸೆಪ್ಟೆಂಬರಲ್ಲೇ ಬಾಗಿಲು ಹಾಕಿದ್ರು. ರೂಲ್ಸ್ ಮುರಿದವರು ಇದ್ರು, ಅದು ಸುಳ್ಳಲ್ಲ. ಅಲ್ಲಿಂದ ಇವತ್ತಿನವರೆಗೆ ಒಂದು ರೂಲ್ ಹಿಡ್ಕೊಂಡಿದ್ದಾರೆ, ಪಾರ್ಕಿನ ಒಳಗೆ ಮನುಷ್ಯನನ್ನಾಗ್ಲಿ ಸಾಮಾನನ್ನಾಗ್ಲಿ ಪ್ಯಾರಾಚೂಟಲ್ಲೋ ಹೆಲಿಕಾಪ್ಟರಲ್ಲೋ ಇಳಿಸಬಾರ್ದು, ತುರ್ತು ಇದ್ರೆ ಅಥವಾ ಪರ್ಮಿಟ್ ಇದ್ರೆ ಮಾತ್ರ ಅಂತ. ಪರ್ಮಿಟ್ ಅನ್ನುವ ಮಾತು ರೂಲಲ್ಲೇ ಉಂಟು, ಆದ್ರೆ ಬಂಡೆಯಿಂದ ಹಾರುವವನಿಗೆ ಕೊಡುವುದಿಲ್ಲ. ಸಿಕ್ಕಿಬಿದ್ರೆ ಆರು ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ಫೈನ್, ಪ್ಯಾರಾಚೂಟೂ ಅವರ ಕೈಗೆ.

1999 ನೋಡು. ಜೂನಲ್ಲಿ ಫ್ರಾಂಕ್ ಗಂಬಾಲಿ ಅಂತ ಒಬ್ಬ ಎಲ್ ಕ್ಯಾಪಿಂದ ಹಾರಿ ಚಂದ ಮಾಡಿ ನೆಲಕ್ಕೆ ಇಳಿದಿದ್ದಾನೆ, ಒಂದು ಗಾಯ ಇಲ್ಲ, ಆಮೇಲೆ ಪಾರ್ಕಿನ ಕಾವಲಿನ ರೇಂಜರ್‌ಗಳು ಅಟ್ಟಿಸಿಕೊಂಡು ಬಂದ್ರು ಅಂತ ಓಡಿ ಮರ್ಸೆಡ್ ನದಿಗೆ ಹಾರಿ ಮುಳುಗಿ ಸತ್ತ. ಅದನ್ನು ವಿರೋಧಿಸಿ ಅಕ್ಟೋಬರಲ್ಲಿ ಒಂದು ಪ್ರತಿಭಟನೆಯ ಹಾರಾಟ, ರೇಂಜರ್‌ಗಳಿಗೂ ಮೊದಲೇ ಗೊತ್ತಿತ್ತು, ಇಳಿದ ಕೂಡಲೇ ಸಾಮಾನು ಜಪ್ತಿ ಆಗ್ತದೆ ಅಂತ ಹಾರುವವರಿಗೂ ಗೊತ್ತಿತ್ತು. ಜಾನ್ ಡೇವಿಸ್ ಅನ್ನುವ ಹೆಂಗಸು, ಅರವತ್ತರ ಹತ್ತಿರ ಪ್ರಾಯ, ತನ್ನ ಒಳ್ಳೆ ಸೆಟ್ ಹೋಗುವುದು ಬೇಡ ಅಂತ ಬೇರೆಯವರ ಸೆಟ್ ಹಾಕ್ಕೊಂಡು ಹಾರಿದ್ಳು. ಅದರಲ್ಲಿ ದೊಡ್ಡದನ್ನು ಎಳೆದು ಬಿಚ್ಚುವ ಚಿಕ್ಕ ಪ್ಯಾರಾಚೂಟ್ ಅವಳಿಗೆ ಅಭ್ಯಾಸ ಇದ್ದ ಜಾಗದಲ್ಲಿ ಇರ್ಲಿಲ್ಲ, ಕಾಲಿನ ಹತ್ತಿರ ಇತ್ತು. ಬಿಚ್ಚಲೇ ಇಲ್ಲ. ಕೆಳಗೆ ಗಂಡ ಕ್ಯಾಮರಾ ಹಿಡ್ಕೊಂಡು ನಿಂತಿದ್ದ. ಇದನ್ನು ಓದಿ ಆ ದಿನ ಊಟ ಸೇರ್ಲಿಲ್ಲ ನಂಗೆ. ಈ ಎರಡು ಸಾವಿಗೂ ಬಂಡೆಗಿಂತ ಆ ರೂಲೇ ಹತ್ತಿರ ಅಂತ ನನ್ನ ಲೆಕ್ಕ.

ಮತ್ತೆ ಆ ಪಾರ್ಕಿನವರ ನ್ಯಾಯವೂ ವಿಚಿತ್ರ ಮಾರಾಯ. ಅದೇ ಯೊಸೆಮಿಟಿಯಲ್ಲಿ ಗ್ಲೇಸಿಯರ್ ಪಾಯಿಂಟಿಂದ ದೊಡ್ಡ ರೆಕ್ಕೆಯಂಥ ಹ್ಯಾಂಗ್ ಗ್ಲೈಡರ್ ಕಟ್ಟಿ ಹಾರ್ಲಿಕ್ಕೆ ಬೇಸಗೆಯಲ್ಲಿ ಪರ್ಮಿಟ್ ಕೊಡ್ತಾರೆ. ಅಲೆಕ್ಸ್ ಹೊನಾಲ್ಡ್ 2017ರಲ್ಲಿ ಅದೇ ಎಲ್ ಕ್ಯಾಪನ್ನು, ಸುಮಾರು 900 ಮೀಟರ್, ಹಗ್ಗ ಇಲ್ಲದೆ ಬರೀ ಕೈಯಲ್ಲಿ ಹತ್ತಿದ, ಅದಕ್ಕೆ ಯಾವ ಕೇಸೂ ಇಲ್ಲ, ಲೋಕವೆಲ್ಲ ಚಪ್ಪಾಳೆ. ಅವನೇ ತುದಿಯಿಂದ ಪ್ಯಾರಾಚೂಟಲ್ಲಿ ಇಳಿದಿದ್ರೆ ಕೋಳ ಹಾಕ್ತಿದ್ರು. ಹಕ್ಕಿಗಳಿಗೆ ತೊಂದರೆ ಅನ್ನುವ ಮಾತೂ ಉಂಟು, ಆದ್ರೆ ಅಲ್ಲಿ ಗಿಡುಗ ಗೂಡು ಕಟ್ಟುವ ಕಾಲಕ್ಕೆ ಬಂಡೆಯ ಆ ಭಾಗವನ್ನು ಹತ್ತುವವರಿಗೆ ಮುಚ್ಚಿ ಆಮೇಲೆ ಬಿಡ್ತಾರೆ, ಹಾರುವವರಿಗೂ ಹಾಗೇ ಮಾಡ್ಬಹುದು.

ಇಲ್ಲಿವರೆಗೆ ನಿನ್ನ ಜೊತೆ. ಇನ್ನು ಜಗಳ.

ಸತ್ರೆ ಅವನೇ ಸಾಯ್ತಾನೆ, ಸರಿ. ಅವನನ್ನು ಎತ್ತುವವರು ಯಾರು? ನೀನು ತೋಟದ ಮನೆಯಲ್ಲಿ ಬೆಳೆದವ, ನಿಂಗೆ ಹೇಳ್ಬೇಕಾ. ಮಳೆಗಾಲದಲ್ಲಿ ಮದ್ದು ಬಿಡುವಾಗ ಅಡಿಕೆ ಮರದಿಂದ ಮರಕ್ಕೆ ದಾಟುವವ ಕಾಲು ಜಾರಿದ್ರೆ ಅವನೊಬ್ಬನ ಕಥೆ ಮುಗಿಯುವುದಾ? ತೋಟದ ಅಡಿಯಿಂದ ಮಂಚದಲ್ಲೋ ಬಟ್ಟೆಯಲ್ಲೋ ಎತ್ತಿಕೊಂಡು ಆ ಕೆಸರಲ್ಲಿ ರಸ್ತೆವರೆಗೆ ಬರುವುದು ನೆರೆಕರೆಯವರು, ಜೀಪು ಹಿಡಿಯುವುದು ಯಾರೋ, ಆಸ್ಪತ್ರೆಯಲ್ಲಿ ಸೈನ್ ಹಾಕುವುದು ಇನ್ಯಾರೋ, ಆಮೇಲೆ ವರ್ಷಗಟ್ಟಲೆ ಹಾಸಿಗೆಯಲ್ಲಿ ನೋಡಿಕೊಳ್ಳುವುದು ಹೆಂಡತಿ. ಈಗ ಫೈಬರ್ ದೋಟಿ, ಅಂದ್ರೆ ಉದ್ದದ ಕೋಲು, ಬಂದು ಅರ್ಧ ಜನ ನೆಲದಲ್ಲೇ ನಿಂತು ಕೆಲಸ ಮಾಡ್ತಾರೆ, ದೇವರು ದೊಡ್ಡವ. ಅದು ಹೊಟ್ಟೆಪಾಡು, ಇದು ಶೋಕಿ, ಆ ವ್ಯತ್ಯಾಸವನ್ನು ನಾನು ಹಿಡೀತಾ ಇಲ್ಲ, ಶೋಕಿಗೂ ಮನುಷ್ಯನಿಗೆ ಹಕ್ಕುಂಟು. ಆದ್ರೆ ಬಿದ್ದವನ ಭಾರ ಬೇರೆಯವರ ಹೆಗಲಿಗೆ ಬರ್ತದೆ ಅನ್ನುವುದು ಎರಡಕ್ಕೂ ಒಂದೇ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ನಾರ್ವೆಯವರು ಮತ್ತೆ ಸ್ವಿಸ್‌ನವರು. ನಾರ್ವೆಯಲ್ಲಿ ಟ್ರೋಲ್ ವಾಲ್ ಅಂತ ಭಯಂಕರ ಗೋಡೆ, ಆ ಬೋನಿಷ್ ಸತ್ತದ್ದೂ ಅಲ್ಲೇ, 1984ರಲ್ಲಿ. 1986ರಲ್ಲಿ ಅಲ್ಲಿಂದ ಹಾರುವುದನ್ನು ಬ್ಯಾನ್ ಮಾಡಿದ್ರು, ಸಿಕ್ಕಿಹಾಕಿಕೊಂಡವನನ್ನು ತೆಗೀಲಿಕ್ಕೆ ಹೋಗುವವರ ಜೀವಕ್ಕೇ ಅಪಾಯ ಅಂತ. ಅದೇ ದೇಶದಲ್ಲಿ ಶೆರಾಗ್‌ನಲ್ಲಿ ಬ್ಯಾನ್ ಇಲ್ಲ. ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನೆನ್ ಕಣಿವೆಯಲ್ಲಿ ಹಾರುವವ ಲ್ಯಾಂಡಿಂಗ್ ಕಾರ್ಡ್ ಅಂತ ತೆಗೊಳ್ಬೇಕು, ಆ ದುಡ್ಡು ಕೆಳಗೆ ಹುಲ್ಲು ಬೆಳೆಸುವ ರೈತರಿಗೆ, ಯಾಕಂದ್ರೆ ಇವರು ಬಂದು ಇಳಿಯುವುದು ಅವರ ಹುಲ್ಲಿನ ಮೇಲೆ, ತುಳಿದ ಹುಲ್ಲನ್ನು ದನ ತಿನ್ನುವುದಿಲ್ಲ. ಹಾರುವ ಮೊದಲು ಆ ಕಣಿವೆಯಲ್ಲಿ ಹೆಲಿಕಾಪ್ಟರ್ ಓಡಿಸುವವರಿಗೆ ಫೋನ್ ಮಾಡಿ ಹೇಳ್ಬೇಕು. ಅಲ್ಲಿಯೂ ಜನ ಸಾಯ್ತಾರೆ, ಇಲ್ಲ ಅಂತಲ್ಲ, ಆದ್ರೆ ಯಾರೂ ಪೊಲೀಸರಿಗೆ ಹೆದರಿ ನದಿಗೆ ಹಾರ್ಬೇಕಾಗಿಲ್ಲ. ಅಮೆರಿಕದಲ್ಲೇ ಪೆರಿನ್ ಸೇತುವೆಯಿಂದ ವರ್ಷವಿಡೀ ಪರ್ಮಿಟ್ ಇಲ್ಲದೆ ಹಾರ್ಬಹುದು, ಮತ್ತೆ ವೆಸ್ಟ್ ವರ್ಜೀನಿಯಾದಲ್ಲಿ ನ್ಯೂ ರಿವರ್ ಗಾರ್ಜ್ ಸೇತುವೆ, 267 ಮೀಟರ್, ಕೆಳಗಿನದ್ದು ನ್ಯಾಷನಲ್ ಪಾರ್ಕೇ, ಆದ್ರೂ ಅಕ್ಟೋಬರಲ್ಲಿ ಬ್ರಿಜ್ ಡೇ ಅಂತ ಒಂದು ಶನಿವಾರ ಬಿಡ್ತಾರೆ, ನದಿಯಲ್ಲಿ ರೆಸ್ಕ್ಯೂ ಬೋಟು ನಿಲ್ಲಿಸಿಕೊಂಡು. 1966ರಲ್ಲಿ ಎಲ್ ಕ್ಯಾಪಿಂದ ಬದುಕಿ ಬಂದ ಆ ಶೂಬರ್ಟ್ ಸತ್ತದ್ದು ಆ ಸೇತುವೆಯಲ್ಲಿ, 2006ರ ಬ್ರಿಜ್ ಡೇಗೆ. ಮಾರನೇ ವರ್ಷವೂ ಬ್ರಿಜ್ ಡೇ ನಡೀತು. ಸಾವು ಆಗ್ಬಹುದು ಅಂತ ಗೊತ್ತಿದ್ದೇ ಒಪ್ಪಿಕೊಂಡವರು ಅವರು.

ಇನ್ನು ನೀನು ಕೊನೆಗೆ ತಮಾಷೆಗೋ ಸೀರಿಯಸ್ಸಾಗಿಯೋ ಹೇಳಿದ್ದು, ನಮ್ಮ ಕಾಸರಗೋಡಲ್ಲೂ ಶುರು ಮಾಡುವ, ಪೊಸಡಿಗುಂಪೆ ಗುಡ್ಡೆಯಲ್ಲಿ, ರಾಣಿಪುರಂನಲ್ಲಿ, ಟೂರಿಸಂ ಬೆಳೀತದೆ ಅಂತ. ಮೊದಲು ಪೊಸಡಿಗುಂಪೆಯಿಂದ ಬೇಸ್ ಜಂಪ್ ಮಾಡ್ಲಿಕ್ಕೆ ಆಗುವುದಿಲ್ಲ, ಅದು ಹುಲ್ಲಿನ ಇಳಿಜಾರು, ಹಾರಿದ್ರೆ ಉರುಳಿಕೊಂಡು ಬಂದು ಧರ್ಮತ್ತಡ್ಕದಲ್ಲಿ ಚಾಯ ಕುಡೀಬಹುದು ಅಷ್ಟೆ. ಪ್ಯಾರಾಗ್ಲೈಡಿಂಗ್ ಆದ್ರೆ ಮಾತಾಡುವ. ಹಿಮಾಚಲದವರು ಅದಕ್ಕೆ 2004ರಲ್ಲೇ ರೂಲ್ಸ್ ಮಾಡಿದ್ದಾರೆ, ಪೈಲಟ್‌ಗೆ ಲೈಸೆನ್ಸ್, ಮಳೆಗಾಲದಲ್ಲಿ ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಪೂರಾ ಬಂದ್. ನಮ್ಮ ಕೇರಳದ್ದು ಗೊತ್ತುಂಟಲ್ಲ, 2023ರಲ್ಲಿ ವರ್ಕಲ ಬೀಚಲ್ಲಿ ಒಂದು ಪ್ಯಾರಾಗ್ಲೈಡರ್ ಹೋಗಿ ಹೈಮಾಸ್ಟ್ ಲೈಟಿನ ಕಂಬಕ್ಕೆ ಸಿಕ್ಕಿ, ಇನ್‌ಸ್ಟ್ರಕ್ಟರೂ ಟೂರಿಸ್ಟ್ ಹೆಂಗಸೂ ಮೇಲೆ ನೇತಾಡ್ತಾ, ಫಯರ್ ಫೋರ್ಸಿನವರು ಕೆಳಗೆ ಬಲೆ ಹಿಡ್ಕೊಂಡು... ಟಿವಿಯಲ್ಲಿ ನೋಡಿ ನಮ್ಮವರು ನಗಾಡಿದ್ದೇ ನಗಾಡಿದ್ದು. ಇಲ್ಲಿ ಬಿದ್ರೆ ಹೆಲಿಕಾಪ್ಟರ್ ಎಲ್ಲಿಂದ ಬರ್ಬೇಕು ಹೇಳು? ದೊಡ್ಡ ಗಾಯ ಆದ್ರೆ ಇವತ್ತಿಗೂ ಮಂಗಳೂರಿಗೇ ಓಡುವುದು, 2020ರ ಲಾಕ್‌ಡೌನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಆಂಬುಲೆನ್ಸಿನಲ್ಲೇ ಜನ ಹೋದದ್ದು ಮರೆತಿಲ್ಲ ಯಾರೂ.

ರಾಣಿಪುರಂ ಕೇಳ್ಲೇಬೇಡ, ಅದು ರಿಸರ್ವ್ ಫಾರೆಸ್ಟು, ಆನೆ ಓಡಾಡುವ ಕಾಡು, ಅತ್ತಕಡೆ ತಲಕಾವೇರಿ ಅಭಯಾರಣ್ಯ. ಅಲ್ಲಿ ನಡ್ಕೊಂಡು ಹೋಗುವವರಿಗೇ ಲೆಕ್ಕ ಇಟ್ಟು ಬಿಡ್ತಾರೆ, ಅದು ಸರಿಯೇ.

ಪೊಸಡಿಗುಂಪೆಯ ವಿಷಯಕ್ಕೆ ಬಂದ್ರೆ ನಂಗೆ ಒಂದೇ ಹಠ, ಗುಡ್ಡೆಯ ಕೆಳಗಿನವರನ್ನು ಗ್ರಾಮಸಭೆಯಲ್ಲಿ ಕೂರಿಸಿ ಕೇಳ್ಬೇಕು. ಯಾರ ಅಂಗಳದಲ್ಲಿ ಇಳೀತಾರೆ, ಯಾರ ತೋಟದಲ್ಲಿ ಸಿಕ್ಕಿ ಬೀಳ್ತಾರೆ, ಹುಡುಕಿಕೊಂಡು ಹೋಗುವವರು ಯಾರು, ಮುರಿದ ಅಡಿಕೆ ಮರಕ್ಕೆ ದುಡ್ಡು ಎಷ್ಟು. ನೀನು ನಗ್ತಿ ಗೊತ್ತುಂಟು, ಗ್ರಾಮಸಭೆಗೆ ಕೋರಮ್ಮೇ ಆಗುವುದಿಲ್ಲ ಅಂತ. ಆದ್ರೆ ಕೇಳದೆ ಮಾಡಿದ್ರೆ ಎಂತ ಆಗ್ತದೆ ಅಂತ ನಮ್ಮ ಜಿಲ್ಲೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಪ್ಪತ್ತರ ದಶಕದಿಂದ 2000ದವರೆಗೆ ಸರ್ಕಾರಿ ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ರು, ಅದೂ ಸಾರ್ವಜನಿಕ ಜಾಗವೇ, ಎಣ್ಮಕಜೆಯಲ್ಲಿ ಕೆಳಗೆ ಮನೆ ಇದ್ದವರ ಒಪ್ಪಿಗೆಗೆ ಯಾರೂ ಕಾಯ್ಲಿಲ್ಲ. ಪಡ್ರೆ, ಸ್ವರ್ಗದ ಕಡೆ ಮನೆಮನೆಯಲ್ಲಿ ಮಕ್ಕಳು ಎಂತ ಅನುಭವಿಸಿದ್ರು ಅಂತ ನೀನು ನೋಡಿದವ. ಸುಪ್ರೀಂ ಕೋರ್ಟ್ ದೇಶಕ್ಕೇ ಬ್ಯಾನ್ ಮಾಡುವಾಗ 2011 ಆಯ್ತು. ಒಬ್ಬ ಹುಡುಗ ಬಣ್ಣದ ಪ್ಯಾರಾಚೂಟ್ ಕಟ್ಟಿ ಇಳಿಯುವುದನ್ನು ಆ ವಿಷಕ್ಕೆ ಹೋಲಿಸ್ತಾ ಇಲ್ಲ ಮಾರಾಯ, ತಪ್ಪು ತಿಳೀಬೇಡ. ಮೇಲಿಂದ ಬರುವುದು ಎಂತದ್ದೇ ಇರ್ಲಿ, ಸರ್ಕಾರದ ಜಾಗ ಅಂದ ಕೂಡಲೇ ಕೆಳಗಿನವರು ಲೆಕ್ಕಕ್ಕಿಲ್ಲ ಅನ್ನುವ ಯೋಚನೆ ಉಂಟಲ್ಲ, ಅದು ನಿನ್ನ ವಾಯ್ಸ್ ನೋಟಲ್ಲೂ ಸ್ವಲ್ಪ ಇತ್ತು, ಅದಕ್ಕೆ ಹೇಳಿದ್ದು.

ನೀನು ಕಳಿಸಿದ, ಯೊಸೆಮಿಟಿಯ ಬ್ಯಾನ್ ತೆಗೀಬೇಕು ಅನ್ನುವ ಆ ಆನ್‌ಲೈನ್ ಅರ್ಜಿ ಓದಿದೆ. ಸ್ವಾತಂತ್ರ್ಯ, ಹಕ್ಕು, ತೆರಿಗೆ, ಎಲ್ಲ ಉಂಟು, ರೆಸ್ಕ್ಯೂ ಖರ್ಚು ಯಾರು ಕೊಡ್ತಾರೆ ಅಂತ ಒಂದು ಸಾಲಿಲ್ಲ. ಹಾರುವವರು ವರ್ಷಕ್ಕೆ ಇಷ್ಟು ಅಂತ ಒಂದು ಫಂಡಿಗೆ ಹಾಕ್ಬೇಕು, ಇಷ್ಟು ಹಾರಾಟದ ಅನುಭವ ಇಲ್ಲದವನಿಗೆ ಪರ್ಮಿಟ್ ಇಲ್ಲ, ಇಳಿಯುವ ಜಾಗ ಮೊದಲೇ ಗುರ್ತು ಮಾಡಿರ್ಬೇಕು, ಗಾಳಿ ಸರಿ ಇಲ್ಲದ ದಿನ ರೆಸ್ಕ್ಯೂ ಟೀಮು ನಾವು ಬರುವುದಿಲ್ಲ ಅಂದ್ರೆ ಆ ದಿನ ಬಂದ್. ಇದಿಷ್ಟು ಸೇರಿಸ್ಲಿಕ್ಕೆ ಅವರಿಗೆ ಹೇಳು, ನಾನು ಆ ದಿನವೇ ಸೈನ್ ಹಾಕ್ತೇನೆ, ಅಮೆರಿಕದ ವೋಟರ್ ಅಲ್ಲದ ನನ್ನ ಸೈನಿಗೆ ಬೆಲೆ ಉಂಟೋ ಇಲ್ವೋ ಅದು ನೀನು ವಿಚಾರಿಸು.

ಈ ಸಲ ರಜೆಗೆ ಬರುವಾಗ ಡಿಸೆಂಬರಲ್ಲಿ ಬಾ, ರಾಣಿಪುರಂಗೆ ನಡ್ಕೊಂಡೇ ಹೋಗುವ. ಮಳೆಗಾಲದಲ್ಲಿ ಬಂದ್ರೆ ಜಿಗಣೆ ಬಿಡುವುದಿಲ್ಲ.

ನಿನ್ನವ