ತಲೆ ಸುತ್ತಿದರೆ ಯಾರ ಹತ್ತಿರ ಹೋಗಬೇಕು

ಚಿ. ಸಿಂಧುಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ನಿನಗೆ ಎರಡು ವಾರದಿಂದ ತಲೆಸುತ್ತಂತೆ, ಪಿತ್ತ ಇರಬೇಕು ಅಂತ ಜೀರಿಗೆ ಕಷಾಯ ಕುಡಿಯುತ್ತಿದ್ದೀಯಂತೆ. ಕೇಳಿ ಸುಮ್ನೆ ಕೂರಲು ಆಗಲಿಲ್ಲ. ಇದೇ ತೊಂದರೆ ಹಿಡಿದುಕೊಂಡು ನಾನು ಎಂಟು ತಿಂಗಳು ಅಲೆದಿದ್ದೇನೆ. ನೀನು ಅಲೆಯುವುದು ಬೇಡ.

ನನಗೆ ಶುರುವಾಗಿದ್ದು ಹಾಸಿಗೆಯಲ್ಲಿ. ಬೆಳಗಿನ ಜಾವ ಬಲಕ್ಕೆ ಹೊರಳಿದೆ. ಆಫ್ ಮಾಡಿದ್ದ ಫ್ಯಾನು, ಅದರ ಜೊತೆ ಇಡೀ ಕೋಣೆ ಗಿರ್ರನೆ ತಿರುಗಿತು. ಮಂಚದ ಪಟ್ಟಿ ಹಿಡಿದು ಕಣ್ಣು ಮುಚ್ಚಿದೆ. ಅರ್ಧ ನಿಮಿಷದಲ್ಲಿ ನಿಂತಿತು. ಅಟ್ಟದ ಮೇಲಿನ ಡಬ್ಬ ತೆಗೆಯಲು ತಲೆ ಎತ್ತಿದಾಗಲೂ ಅದೇ. ಒಬ್ಬರು ಬಿಪಿ ಕಮ್ಮಿ ಅಂದರು. ಇನ್ನೊಬ್ಬರು ಕುತ್ತಿಗೆ ಮೂಳೆ ಸವೆದಿದೆ ಎಂದು ಪಟ್ಟಿ ಹಾಕಿಸಿದರು. ಏನು ಮಾಡಿದಾಗ ಸುತ್ತುತ್ತದೆ, ಎಷ್ಟು ಹೊತ್ತು ಸುತ್ತುತ್ತದೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ಕೊನೆಗೆ ಅದನ್ನು ಕೇಳಿದ್ದು ಒಬ್ಬ ಇಎನ್‌ಟಿ ಡಾಕ್ಟರು. ಮೇಜಿನ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ, ಹಾಗೇ ಹಿಂದಕ್ಕೆ ಮಲಗಿಸಿದರು. ತಲೆ ಅಂಚಿನಾಚೆ ಸ್ವಲ್ಪ ಇಳಿಬಿದ್ದಿತ್ತು. ಕಣ್ಣು ಮುಚ್ಚಬೇಡಿ ಅಂದರು. ನನ್ನ ಕಣ್ಣುಗುಡ್ಡೆ ಅದುರುವುದನ್ನು ನೋಡಿಯೇ ಬಲಗಿವಿ ಅಂತ ಹೇಳಿಬಿಟ್ಟರು! ಒಳಕಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿರುತ್ತವೆ. ಅವು ಜಾರಿ ಪಕ್ಕದ ಕೊಳವೆಗೆ ಬಿದ್ದರೆ ತಲೆ ಅಲ್ಲಾಡಿಸಿದಾಗೆಲ್ಲ ಹೀಗಾಗುತ್ತದೆ. ಇದಕ್ಕೆ ಬಿಪಿಪಿವಿ ಅನ್ನುತ್ತಾರೆ. ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ವಾಪಸು ಕಳಿಸುವ ವಿಧಾನವನ್ನು ಅಮೆರಿಕದ ಜಾನ್ ಎಪ್ಲಿ ಎಂಬ ಡಾಕ್ಟರು ಕಂಡುಹಿಡಿದು 1992ರಲ್ಲಿ ಪ್ರಕಟಿಸಿದರು. ನನಗೆ ಅದನ್ನೇ ಮಾಡಿದರು. ಹತ್ತು ನಿಮಿಷದ ಕೆಲಸ. ಮನೆಗೆ ಬಂದು ಅತ್ತುಬಿಟ್ಟೆ.

ನಿನ್ನದೂ ಇದೇ ಅಂತ ನಾನು ಹೇಳುತ್ತಿಲ್ಲ. ಕಿವಿ ಕಟ್ಟಿದ ಹಾಗಾಗಿ, ಗುಂಯ್ ಅಂದು, ಗಂಟೆಗಟ್ಟಲೆ ಸುತ್ತಿದರೆ ಅದು ಮೆನಿಯರ್ ಅನ್ನುವ ಒಳಕಿವಿಯ ಕಾಯಿಲೆ ಇರಬಹುದು. ಬೆಳಕು, ಸದ್ದು ಸಹಿಸಲಾಗದೆ ಸುತ್ತು ಬಂದರೆ ಮೈಗ್ರೇನಿನದು ಇರಬಹುದು. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದೇ ಬೇರೆ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟುಕೋ. ಯಾವಾಗ, ಏನು ಮಾಡುತ್ತಿದ್ದಾಗ, ಎಷ್ಟು ಹೊತ್ತು, ಕಿವಿ ಹೇಗಿತ್ತು ಅಂತ ಬರೆ. ಸುತ್ತುವಾಗ ಪಕ್ಕದಲ್ಲಿ ಯಾರಾದರೂ ಇದ್ದರೆ ಮೊಬೈಲಿನಲ್ಲಿ ನಿನ್ನ ಕಣ್ಣಿನ ವಿಡಿಯೋ ತೆಗೆಯಲಿ. ಡಾಕ್ಟರಿಗೆ ತುಂಬಾ ಉಪಯೋಗಕ್ಕೆ ಬರುತ್ತದೆ.

ನೀನು ಮೈಸೂರಲ್ಲೇ ಇದ್ದೀಯ, ಪುಣ್ಯ. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಜನ ಅದನ್ನು ಬರೀ ಮಾತು ಬಾರದ ಮಕ್ಕಳಿಗೆ ಅಂದುಕೊಂಡಿದ್ದಾರೆ. ಅಲ್ಲಿ ಇಎನ್‌ಟಿ ಡಾಕ್ಟರೂ ಕಿವಿಯ ಪರೀಕ್ಷೆ ಮಾಡುವ ಆಡಿಯಾಲಜಿಸ್ಟರೂ ಒಂದೇ ಕಡೆ ಸಿಗುತ್ತಾರೆ. ಮೊದಲು ಅಲ್ಲಿಗೆ ಹೋಗು. ಓದಬೇಕು ಅನ್ನಿಸಿದರೆ ಅಮೆರಿಕದ ವೆಸ್ಟಿಬ್ಯುಲರ್ ಡಿಸಾರ್ಡರ್ಸ್ ಅಸೋಸಿಯೇಷನ್ ಬರಹಗಳನ್ನು ಓದು. 1983ರಿಂದ ತಲೆಸುತ್ತು, ಒಳಕಿವಿಯ ಸಮತೋಲನದ ತೊಂದರೆಗಳಿಗೆ ಅಂತಲೇ ಇರುವ ಸಂಸ್ಥೆ ಅದು. ಇಂಗ್ಲಿಷಾದರೂ ತಿಳಿಯುವ ಹಾಗೆ ಬರೆದಿದ್ದಾರೆ. ಆದರೆ ಯೂಟ್ಯೂಬ್ ನೋಡಿ ಒಬ್ಬಳೇ ತಲೆ ತಿರುಗಿಸಿಕೊಳ್ಳಬೇಡ. ಯಾವ ಕಿವಿ, ಯಾವ ಕೊಳವೆ ಅಂತ ಮೊದಲು ಗೊತ್ತಾಗಬೇಕು.

ತಲೆಸುತ್ತಿನ ಮಾತ್ರೆಯನ್ನು ನೀನಾಗಿಯೇ ತಿಂಗಳುಗಟ್ಟಲೆ ನುಂಗಬೇಡ. ಕೆಲವು ಮಾತ್ರೆ ಮಂಪರು ತರಿಸಿ, ಮಿದುಳು ತಾನಾಗಿ ಹೊಂದಿಕೊಳ್ಳುವುದನ್ನೇ ನಿಧಾನ ಮಾಡುತ್ತವೆ. ಇನ್ನೊಂದು ಮಾತು, ಇದನ್ನು ಮರೆಯಲೇಬೇಡ. ಸುತ್ತಿನ ಜೊತೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ ನೋಟ್‌ಬುಕ್ಕೂ ಬೇಡ ಏನೂ ಬೇಡ, ತಕ್ಷಣ 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆಗೆ ಹೋಗು.

ಸರಿಹೋಗುವ ತನಕ ಸ್ಕೂಟರ್ ಮುಟ್ಟಬೇಡ. ರಾತ್ರಿ ಬಚ್ಚಲಿಗೆ ಹೋಗುವಾಗ ದೀಪ ಹಾಕಿಕೋ. ಆಸ್ಪತ್ರೆಗೆ ಯಾವತ್ತು ಹೋಗುತ್ತೀ ಅಂತ ತಿಳಿಸು, ಹಿಂದಿನ ಸಾಯಂಕಾಲವೇ ಬಸ್ಸು ಹತ್ತಿ ಬರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ