ಹಾಯಿದೋಣಿಯ ಟ್ಯಾಂಕ್ ನೀರನ್ನು ಕೆಡಿಸಿದ ಫಿಲ್ಟರ್ ಕೈಪಿಡಿ: ತಯಾರಕರಿಗೆ ಒಂದು ದೂರು ಪತ್ರ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ದೋಣಿಗಳಿಗೆಂದು ತಾವು ಮಾರುವ ಎರಡು ಹಂತದ ಕುಡಿಯುವ ನೀರಿನ ಫಿಲ್ಟರ್‌ನ ಕೈಪಿಡಿಯಲ್ಲಿರುವ ಅಪಾಯಕಾರಿ ಸೂಚನೆ ಮತ್ತು ಪೆಟ್ಟಿಗೆಯ ಮೇಲಿನ ದಾರಿ ತಪ್ಪಿಸುವ ಬರಹ.

ನಾನು ಕುಟುಂಬದೊಂದಿಗೆ ಹಾಯಿದೋಣಿಯಲ್ಲೇ ವಾಸವಿದ್ದು ಬಂದರಿನಿಂದ ಬಂದರಿಗೆ ಸಾಗುವವನು. ತಮ್ಮ ಫಿಲ್ಟರನ್ನು ಕೊಂಡು, ಕೈಪಿಡಿಯಲ್ಲಿ ಹೇಳಿದ ಜಾಗದಲ್ಲೇ, ಹೇಳಿದ ಕ್ರಮದಲ್ಲೇ ಜೋಡಿಸಿದ್ದೆ. ದಡ ಇನ್ನೂ ದೂರವಿರುವಾಗಲೇ ಟ್ಯಾಂಕಿನ ನೀರು ಬಾಯಿಗೆ ಇಡಲಾಗದಂತೆ ಕೆಟ್ಟಿತು. ಇದನ್ನು ತಮ್ಮ ಸಹಾಯ ವಿಭಾಗಕ್ಕೆ ಆಗಲೇ ತಿಳಿಸಿದ್ದೇನೆ. ಬಂದದ್ದು ಹಾರಿಕೆಯ ಉತ್ತರ. ಹಾಗಾಗಿ ಈ ಪತ್ರವನ್ನು ವಿವರವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಇದು ಕೈಪಿಡಿ ಬರೆಯುವವರ ಮೇಜಿನವರೆಗೂ ತಲುಪಲಿ.

ನನ್ನ ಮುಖ್ಯ ಆಕ್ಷೇಪ ಕೈಪಿಡಿಯ ಜೋಡಣೆ ಪುಟದ ಬಗ್ಗೆ. ಜೆಟ್ಟಿಯ ನಲ್ಲಿಗೂ ಟ್ಯಾಂಕಿನ ಬಾಯಿಗೂ ನಡುವೆ ಫಿಲ್ಟರ್ ಕೂರಿಸಬೇಕು, ಟ್ಯಾಂಕಿಗೆ ಶುದ್ಧ ನೀರೇ ಸೇರುವುದರಿಂದ ಮತ್ತೆ ಕ್ಲೋರಿನ್ ಹಾಕುವ ಅಗತ್ಯವಿಲ್ಲ ಎಂದು ಅಲ್ಲಿ ಬರೆದಿದ್ದೀರಿ. ತಮ್ಮ ಫಿಲ್ಟರ್‌ನ ಮೊದಲ ಹಂತ 5 ಮೈಕ್ರಾನ್‌ನ ಕೆಸರು ತಡೆಯುವ ಕಾರ್ಟ್ರಿಜ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಎರಡನೆಯದು ಕಾರ್ಬನ್, ಅಂದರೆ ಇದ್ದಿಲಿನ ಹಂತ. ಕಾರ್ಬನ್ ಮಾಡುವ ಮೊದಲ ಕೆಲಸವೇ ಕ್ಲೋರಿನ್ ತೆಗೆಯುವುದು. ಮನೆಯ ನಲ್ಲಿಯಲ್ಲಿ ಅದು ಒಳ್ಳೆಯದೇ, ಏಕೆಂದರೆ ಫಿಲ್ಟರ್ ದಾಟಿದ ನೀರು ಮರುಕ್ಷಣ ಲೋಟಕ್ಕೆ ಬೀಳುತ್ತದೆ. ದೋಣಿಯಲ್ಲಿ ಅದೇ ನೀರು ವಾರಗಟ್ಟಲೆ ಟ್ಯಾಂಕಿನಲ್ಲಿ ಕೂರುತ್ತದೆ. ಬಿಸಿಲಿಗೆ ಕಾದ ಡೆಕ್ಕಿನ ಕೆಳಗೆ ಅದು ಬೆಚ್ಚಗಾಗಿರುತ್ತದೆ, ಗಾಳಿ ಕೊಳವೆಯಿಂದ ತೇವದ ಗಾಳಿ ಒಳಗೆ ಬರುತ್ತಿರುತ್ತದೆ, ತಳದಲ್ಲಿ ಹಳೆಯ ಕೆಸರು ಸ್ವಲ್ಪವಾದರೂ ಇದ್ದೇ ಇರುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಬೆಳೆಯದಂತೆ ತಡೆಯುವುದು ನೀರಿನಲ್ಲಿ ಉಳಿದಿರುವ ಕ್ಲೋರಿನ್ ಒಂದೇ. ಸರಿಯಾದ ಸೋಂಕುನಿವಾರಣೆಗೆ ಕನಿಷ್ಠ 30 ನಿಮಿಷದ ನಂತರವೂ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಬಳಸುವವರ ಕೈಗೆ ನೀರು ಬರುವಾಗಲೂ 0.2 ಮಿಲಿಗ್ರಾಂ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ತಮ್ಮ ಕೈಪಿಡಿ ಆ ರಕ್ಷಣೆಯನ್ನು ಟ್ಯಾಂಕಿನ ಬಾಗಿಲಲ್ಲೇ ಕಿತ್ತುಹಾಕಿ, ಮತ್ತೆ ಸೇರಿಸಬೇಡಿ ಎಂದೂ ಹೇಳುತ್ತದೆ.

ಇದು ನನ್ನ ಊಹೆಯಲ್ಲ. ಟ್ಯಾಂಕ್ ತುಂಬಿಸಿದ ದಿನವೇ, ಅದೇ ಜೆಟ್ಟಿಯ ಅದೇ ನಲ್ಲಿಯಿಂದ, ತುರ್ತು ಬಳಕೆಯ ಕ್ಯಾನುಗಳನ್ನೂ ತುಂಬಿಸಿದ್ದೆ. ಅವುಗಳ ಬಾಯಿಗೆ ತಮ್ಮ ಫಿಲ್ಟರ್‌ನ ಜೋಡಣೆ ಹೊಂದುವುದಿಲ್ಲವಾದ್ದರಿಂದ ನೀರನ್ನು ನೇರವಾಗಿ ಹಿಡಿದಿದ್ದೆ. ಟ್ಯಾಂಕಿನ ನೀರಿಗೆ ವಾಸನೆ ಹತ್ತಿದಾಗ ಎರಡನ್ನೂ ಒಂದೊಂದು ಗಾಜಿನ ಲೋಟಕ್ಕೆ ಬಗ್ಗಿಸಿ, ಕ್ಲೋರಿನ್ ಪರೀಕ್ಷೆಯ ಪಟ್ಟಿಗಳನ್ನು ಅದ್ದಿದೆ. ಕ್ಯಾನಿನ ನೀರಿನಲ್ಲಿ ಅದ್ದಿದ ಪಟ್ಟಿಗೆ ತಿಳಿಯಾಗಿ ಬಣ್ಣ ಬಂದಿತು. ಟ್ಯಾಂಕಿನ ನೀರಿನಲ್ಲಿ ಅದ್ದಿದ್ದು ಬಿಳಿಯಾಗಿಯೇ ಉಳಿಯಿತು. ಟ್ಯಾಂಕಿನ ಮುಚ್ಚಳ ಬಿಚ್ಚಿ ಒಳಗೋಡೆಯ ಮೇಲೆ ಬೆರಳಾಡಿಸಿದರೆ ಲೋಳೆ ಅಂಟಿಕೊಂಡಿತು, ಬೆರಳನ್ನು ಉಜ್ಜಿದರೂ ಜಾರುತ್ತಿತ್ತು. ಕ್ಯಾನಿನ ಒಳಗೋಡೆ ಮುಟ್ಟಿದರೆ ಗರಗರ ಎನ್ನುವಷ್ಟು ಶುಭ್ರವಾಗಿತ್ತು. ಒಂದೇ ನೀರು, ಒಂದೇ ಹವೆ, ಒಂದೇ ದೋಣಿ. ಎರಡರ ನಡುವೆ ಇದ್ದ ಮುಖ್ಯ ವ್ಯತ್ಯಾಸ ತಮ್ಮ ಫಿಲ್ಟರ್ ಮತ್ತು ಅದರ ಜೊತೆ ಬಂದ ಸೂಚನೆ. ದಡ ಸೇರುವವರೆಗೆ ನಮ್ಮ ಬಾಯಾರಿಕೆ ತಣಿಸಿದ್ದು ಫಿಲ್ಟರ್ ಕಾಣದ ಆ ಕ್ಯಾನುಗಳ ನೀರು. ಮಕ್ಕಳಿಗೆ ಅಳತೆ ಮಾಡಿ ನೀರು ಕೊಡಬೇಕಾಗಿ ಬಂದ ತಂದೆಯ ಸಂಕಟ ತಮಗೆ ಅರ್ಥವಾಗಬಹುದೆಂದು ನಂಬಿದ್ದೇನೆ.

ಕಾರ್ಟ್ರಿಜ್ ಕೂರಿಸಲು ತಾವು ಕೊಟ್ಟ ಪಾರದರ್ಶಕ ಬಟ್ಟಲಿನ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಕಾರ್ಟ್ರಿಜ್ ಕೊಳೆಯಾದದ್ದು ಹೊರಗಿನಿಂದಲೇ ಕಾಣಲಿ ಎಂಬ ಉದ್ದೇಶ ಸರಿಯೇ. ಆದರೆ ಡೆಕ್ಕಿನ ಮೇಲೆ ಬಿಸಿಲಿಗೆ ತೆರೆದಿಡಬೇಕಾದ ಜಾಗದಲ್ಲಿ ಜೋಡಿಸಲು ಹೇಳಿ, ಬೆಳಕು ತೂರುವ ಬಟ್ಟಲು ಕೊಟ್ಟು, ಒಳಗಿನ ನೀರಿನ ಕ್ಲೋರಿನ್ನನ್ನೂ ತೆಗೆದರೆ ಪಾಚಿ ಬೆಳೆಯದೆ ಇನ್ನೇನಾಗುತ್ತದೆ? ಕಾರ್ಬನ್ ಹಂತದ ಬಟ್ಟಲಿನ ತಳದಲ್ಲಿ ಹಸಿರು ಪೊರೆ ಕಟ್ಟಿತ್ತು. ಅದರ ಚಿತ್ರವನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇನ್ನು ಪೆಟ್ಟಿಗೆಯ ಮೇಲಿನ ಬರಹ. ಮುಂಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ "0.5 ಮೈಕ್ರಾನ್, ಬ್ಯಾಕ್ಟೀರಿಯಾ ಮತ್ತು ಪರಾವಲಂಬಿಗಳಿಂದ ರಕ್ಷಣೆ" ಎಂದಿದೆ. ಕಾರ್ಬನ್ ಹಂತದ ಈ 0.5 ನಾಮಿನಲ್ ದರ್ಜೆಯದು ಎಂಬುದು ಹಿಂಬದಿಯ ಕೆಳಮೂಲೆಯಲ್ಲಿ, ಭೂತಗನ್ನಡಿ ಹಿಡಿದರೆ ಮಾತ್ರ ಓದಲು ಬರುವ ಗಾತ್ರದಲ್ಲಿದೆ. ನಾಮಿನಲ್ ದರ್ಜೆಯೆಂದರೆ ಆ ಗಾತ್ರದ ಕಣಗಳಲ್ಲಿ ಹೆಚ್ಚಿನ ಪಾಲು ನಿಲ್ಲುತ್ತದೆ, ಉಳಿದವು ದಾಟುತ್ತವೆ. ಆ್ಯಬ್ಸಲ್ಯೂಟ್ ದರ್ಜೆಯಾದರೆ ಮಾತ್ರ ಆ ಗಾತ್ರಕ್ಕೆ ಮೇಲ್ಪಟ್ಟ ಕಣಗಳು ಹೆಚ್ಚುಕಡಿಮೆ ಎಲ್ಲವೂ ನಿಲ್ಲುತ್ತವೆ. ನಾನು ಪ್ರಮಾಣಪತ್ರ ಕೇಳಿದಾಗ ತಾವು ಕಳುಹಿಸಿದ್ದು ಎನ್‌ಎಸ್‌ಎಫ್/ಎಎನ್‌ಎಸ್‌ಐ 42ರ ಅಡಿಯ ಪರೀಕ್ಷೆಯದು. ಅಮೆರಿಕದ ಆ ಮಾನದಂಡ ರುಚಿ, ವಾಸನೆ, ಕ್ಲೋರಿನ್ ಮತ್ತು ಕಣಗಳಿಗೆ ಸಂಬಂಧಿಸಿದ್ದು. ಕಣ ತಡೆಯುವಿಕೆಯಲ್ಲಿ ಅದರ ಮೊದಲ ದರ್ಜೆ ಪಡೆಯಲು 0.5ರಿಂದ 1 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 85ರಷ್ಟನ್ನು ತಡೆದರೆ ಸಾಕು. ಪರಾವಲಂಬಿಗಳ ಕೋಶಗಳನ್ನು ತಡೆಯುತ್ತೇವೆ ಎನ್ನಲು ಬೇಕಾದದ್ದು ಅದೇ ಸಾಲಿನ 53ನೇ ಮಾನದಂಡ. ಅಲ್ಲಿ ಶೇ 99.95ರಷ್ಟು ತಡೆಯಬೇಕು. ಮೊದಲ ಪರೀಕ್ಷೆ ದಾಟಿದ ಮಾತ್ರಕ್ಕೆ ಎರಡನೆಯದನ್ನೂ ದಾಟಿದಂತೆ ಆಗುವುದಿಲ್ಲ. ಕ್ರಿಪ್ಟೋಸ್ಪೊರಿಡಿಯಂನಂಥ ಪರಾವಲಂಬಿ ಸಾಮಾನ್ಯ ಪ್ರಮಾಣದ ಕ್ಲೋರಿನ್‌ಗೆ ಸಾಯುವುದೇ ಇಲ್ಲ. ಅದನ್ನು ತಡೆಯಲು ನಂಬಬೇಕಾದದ್ದು ಫಿಲ್ಟರನ್ನೇ. ಬ್ಯಾಕ್ಟೀರಿಯಾ ಮತ್ತು ಅವುಗಳಿಗಿಂತ ಎಷ್ಟೋ ಚಿಕ್ಕದಾದ ವೈರಸ್‌ಗಳ ಮಟ್ಟಿಗೆ ಇದು ತಲೆಕೆಳಗು. ಅಲ್ಲಿ ಕ್ಲೋರಿನ್ ದುಡಿಯುತ್ತದೆ, ಇಂಥ ಫಿಲ್ಟರ್ ಸಾಲದು. ಹಾಗಾಗಿ ಟ್ಯಾಂಕಿನಲ್ಲಿ ಕ್ಲೋರಿನ್, ಕುಡಿಯುವ ನಲ್ಲಿಯ ಹತ್ತಿರ ಫಿಲ್ಟರ್, ಎರಡೂ ಬೇಕು. ತಾವು ಒಂದನ್ನು ತೆಗೆಸಿ, ಇನ್ನೊಂದರ ಬಗ್ಗೆ ಇಲ್ಲದ ಭರವಸೆ ಕೊಟ್ಟಿದ್ದೀರಿ.

ಇಷ್ಟೆಲ್ಲವನ್ನೂ ಬರೆದು ಕೇಳಿದ್ದಕ್ಕೆ ತಮ್ಮ ಸಿಬ್ಬಂದಿಯಿಂದ ಬಂದ ಉತ್ತರ: "ಟಿಡಿಎಸ್ ಮೀಟರ್‌ನಲ್ಲಿ ಅಳೆಯಿರಿ, 500ಕ್ಕಿಂತ ಕಡಿಮೆಯಿದ್ದರೆ ನೀರು ಸುರಕ್ಷಿತ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಯಿತು. ಟಿಡಿಎಸ್ ಮೀಟರ್ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದರಿಂದ ಕರಗಿದ ಲವಣಗಳ ಪ್ರಮಾಣವನ್ನು ಅಂದಾಜು ಮಾಡುತ್ತದೆ. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರದ ಪೊರೆ ಸರಿಯಾಗಿದೆಯೇ ಎಂದು ನೋಡಲು ಅದು ಬೇಕು. ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಎಂದು ಅದು ಹೇಳಲಾರದು. ಕಾರ್ಬನ್ ಫಿಲ್ಟರ್ ಲವಣಗಳನ್ನು ತೆಗೆಯದ ಕಾರಣ, ತಮ್ಮ ಫಿಲ್ಟರ್ ಕೆಲಸ ಮಾಡುತ್ತಿದೆಯೇ ಎಂಬುದೂ ಅದರಿಂದ ತಿಳಿಯುವುದಿಲ್ಲ. ಲೋಳೆ ಕಟ್ಟಿದ ಟ್ಯಾಂಕಿನ ನೀರು ಆ ಮೀಟರ್‌ನಲ್ಲಿ ತೀರಾ ಒಳ್ಳೆಯ ಅಂಕಿಯನ್ನೇ ತೋರಿಸಿತು. ಕುಡಿಯುವ ನೀರಿನ ಉಪಕರಣ ಮಾರುವ ಸಂಸ್ಥೆಯ ಸಹಾಯ ವಿಭಾಗದಲ್ಲಿ ಕುಳಿತವರಿಗೆ ಈ ಮೂಲಭೂತ ಸಂಗತಿ ಗೊತ್ತಿಲ್ಲದಿದ್ದರೆ, ಅವರ ಮಾತು ನಂಬಿ ಕುಡಿದವರ ಗತಿಯೇನು?

ಕೈಪಿಡಿಯಲ್ಲಿ ಇನ್ನೂ ಕೆಲವು ಕೊರತೆಗಳಿವೆ. ಕಾರ್ಟ್ರಿಜ್ ಬಾಳಿಕೆ ಆರು ತಿಂಗಳು ಎಂದಿದೆ, ಎಷ್ಟು ಲೀಟರ್ ಎಂದಿಲ್ಲ. ಸಿಹಿನೀರಿನ ಯಂತ್ರವನ್ನು ಕಾರ್ಬನ್ ದಾಟಿಸಿದ ಟ್ಯಾಂಕಿನ ನೀರಿನಿಂದ ತೊಳೆಯುವವರಿಗೆ ಇದು ದುಬಾರಿಯ ಲೋಪ, ಏಕೆಂದರೆ ಆ ಯಂತ್ರದ ಪಾಲಿಅಮೈಡ್ ಪೊರೆಯನ್ನು ಕ್ಲೋರಿನ್ ಸರಿಪಡಿಸಲಾಗದಂತೆ ಹಾಳುಮಾಡುತ್ತದೆ. ಕಾರ್ಬನ್ ಯಾವಾಗ ಸೋಲುತ್ತದೆಂದು ತಿಳಿಯದಿದ್ದರೆ ಪೊರೆ ಕಳೆದುಕೊಂಡ ಮೇಲೆಯೇ ತಿಳಿಯಬೇಕು. ದೋಣಿಯನ್ನು ಮುಚ್ಚಿಟ್ಟು ಹೋಗುವಾಗ ಒದ್ದೆ ಕಾರ್ಟ್ರಿಜ್ ಹೊರತೆಗೆಯಬೇಕೆಂಬ ಮಾತೇ ಇಲ್ಲ. ಬಟ್ಟಲಿನ ರಬ್ಬರ್ ಉಂಗುರಕ್ಕೆ ಪೆಟ್ರೋಲಿಯಂ ಜೆಲ್ಲಿ ಹಚ್ಚಲು ಹೇಳಿದ್ದೀರಿ. ಉಂಗುರದ ಇಪಿಡಿಎಂ ಎಂಬ ಕೃತಕ ರಬ್ಬರ್ ಅದರಿಂದ ಉಬ್ಬುತ್ತದೆ, ಹಚ್ಚಬೇಕಾದದ್ದು ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸ್.

ಬಂದರು ಸೇರಿದ ಮೇಲೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಗೋಡೆ ಉಜ್ಜಿ, ಹೊಸ ನೀರು ತುಂಬಿ, ಸುವಾಸನೆ ಸೇರಿಸದ ಶೇ 5ರ ಬ್ಲೀಚ್ ದ್ರಾವಣವನ್ನು 1000 ಲೀಟರಿಗೆ 1 ಲೀಟರ್ ಲೆಕ್ಕದಲ್ಲಿ ಹಾಕಿದೆ. ಅಂದರೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್. ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಹರಿಸಿ, ಗಂಟೆಗಟ್ಟಲೆ ಹಾಗೆಯೇ ಬಿಟ್ಟು, ಎಲ್ಲವನ್ನೂ ಚೆಲ್ಲಿ ಮತ್ತೆ ಮತ್ತೆ ತೊಳೆದೆ. ಈಗ ಕಾರ್ಬನ್ ಹಂತವನ್ನು ಪಂಪಿನ ನಂತರ, ಅಡುಗೆ ಕಟ್ಟೆಯ ಕುಡಿಯುವ ನಲ್ಲಿಯ ಕೆಳಗೆ ಕತ್ತಲಲ್ಲಿ ಜೋಡಿಸಿದ್ದೇನೆ. ತುಂಬಿಸುವ ಕೊಳವೆಯಲ್ಲಿ ಕೆಸರಿನ ಕಾರ್ಟ್ರಿಜ್ ಮಾತ್ರ ಇದೆ, ಟ್ಯಾಂಕಿನಲ್ಲಿ ಕ್ಲೋರಿನ್ ಇದೆ. ಲೋಳೆ ಮತ್ತೆ ಕಂಡಿಲ್ಲ. ಇದೇ ಜೋಡಣೆಯ ಚಿತ್ರವನ್ನು ತಾವೇ ಮೊದಲು ಕೊಟ್ಟಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ನನಗೆ ಬೇಕಾದದ್ದು ಬರೀ ಹಣ ವಾಪಸಾತಿ ಅಲ್ಲ. ಕ್ಲೋರಿನ್ ಬೇಕಿಲ್ಲ ಎಂಬ ವಾಕ್ಯವನ್ನು ತೆಗೆದು, ಕಾರ್ಬನ್ ಹಂತವನ್ನು ಕುಡಿಯುವ ನಲ್ಲಿಯ ಬದಿಗೆ ತೋರಿಸುವ ಹೊಸ ಕೈಪಿಡಿ ಹೊರತರಬೇಕು. ಹಳೆಯದನ್ನು ನಂಬಿ ಜೋಡಿಸಿಕೊಂಡಿರುವ ಪ್ರತಿ ಗ್ರಾಹಕರಿಗೂ ಅದನ್ನು ಕಳುಹಿಸಬೇಕು. ನನಗಿಂತ ಅವರ ಚಿಂತೆಯೇ ನನಗೆ ಹೆಚ್ಚು, ಏಕೆಂದರೆ ಎಲ್ಲರ ದೋಣಿಯಲ್ಲೂ ಬೇರೆಯಾಗಿ ತುಂಬಿಸಿಟ್ಟ ಕ್ಯಾನುಗಳು ಇರುವುದಿಲ್ಲ. 53ನೇ ಮಾನದಂಡದ ಪರೀಕ್ಷಾ ವರದಿ ಇದ್ದರೆ ಕಳುಹಿಸಿ, ಇಲ್ಲವಾದರೆ ಪರಾವಲಂಬಿ ಎಂಬ ಮಾತನ್ನು ಪೆಟ್ಟಿಗೆಯಿಂದ ಅಳಿಸಿ, ಬ್ಯಾಕ್ಟೀರಿಯಾ ಎಂಬುದನ್ನು ಹೇಗಿದ್ದರೂ ಅಳಿಸಿ, ನಾಮಿನಲ್ ಎಂಬುದನ್ನು 0.5ರ ಪಕ್ಕದಲ್ಲೇ ಅದೇ ಗಾತ್ರದ ಅಕ್ಷರದಲ್ಲಿ ಮುದ್ರಿಸಿ. ಪಾರದರ್ಶಕ ಬಟ್ಟಲುಗಳ ಬದಲಿಗೆ ಬೆಳಕು ತೂರದ ಬಟ್ಟಲುಗಳನ್ನೂ, ಹಾಳಾದ ಕಾರ್ಟ್ರಿಜ್‌ಗಳ ಬದಲಿಗೆ ಹೊಸದನ್ನೂ ಕೊಡಬೇಕು. ಟಿಡಿಎಸ್ ಉತ್ತರವನ್ನು ಸಹಾಯ ವಿಭಾಗದ ಸಿದ್ಧ ಉತ್ತರಗಳ ಪಟ್ಟಿಯಿಂದ ಇಂದೇ ತೆಗೆಸಿ.

ಬಳಸಿದ ಕಾರ್ಟ್ರಿಜ್‌ಗಳನ್ನು ಮೊಹರು ಮಾಡಿ ಇಟ್ಟಿದ್ದೇನೆ, ಕೇಳಿದರೆ ಕಳುಹಿಸಿಕೊಡುತ್ತೇನೆ. ಪರೀಕ್ಷಾ ಪಟ್ಟಿಗಳ ಮತ್ತು ಟ್ಯಾಂಕಿನ ಒಳಭಾಗದ ಚಿತ್ರಗಳು, ಖರೀದಿಯ ರಸೀದಿ, ತಮ್ಮ ಸಿಬ್ಬಂದಿಯ ಉತ್ತರದ ಪ್ರತಿ ಲಗತ್ತಿಸಿವೆ. 30 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಇದೇ ದಾಖಲೆಗಳೊಂದಿಗೆ ಗ್ರಾಹಕರ ದೂರು ವಿಚಾರಿಸುವ ಅಧಿಕೃತ ಸಂಸ್ಥೆಗೆ ಹೋಗುತ್ತೇನೆ.

ಇಂತಿ,
ತಮ್ಮ ಫಿಲ್ಟರ್‌ನ ಗ್ರಾಹಕ