ವಿಯೆನ್ನಾದಿಂದ ದೊಡ್ಡಪ್ಪನಿಗೊಂದು ಕಾಗದ

ದೊಡ್ಡಪ್ಪನಿಗೆ ನಮಸ್ಕಾರ.

ನಾವಿಲ್ಲಿ ಕ್ಷೇಮ. ದೊಡ್ಡಮ್ಮನ ಮಂಡಿನೋವು ಕಡಿಮೆಯಾಯಿತೇ?

'ಅದೆಂಥ ಲೆನ್ಸು ಮಾರಾಯ, ಕತ್ತು ಹೊರಳಿಸುವಂಥದ್ದು?' ಅಂತ ಕೇಳಿದಿರಲ್ಲ, ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿಯಲ್ಲ ಅದು. ಹೆಸರು ಟಿಲ್ಟ್-ಶಿಫ್ಟ್. ಟಿಲ್ಟ್ ಅಂದರೆ ಲೆನ್ಸನ್ನು ಓರೆ ಮಾಡುವುದು, ಶಿಫ್ಟ್ ಅಂದರೆ ಓರೆ ಮಾಡದೆ ಮೇಲಕ್ಕೋ ಪಕ್ಕಕ್ಕೋ ಜರುಗಿಸುವುದು. ಕ್ಯಾನನ್‌ನ 24 ಎಂಎಂ, ಬಾಡಿಗೆಗೆ ತಂದಿದ್ದೇನೆ. ತೂಕ ಮುಕ್ಕಾಲು ಕಿಲೋಗೂ ಮೇಲೆ, ಆಟೋಫೋಕಸ್ ಇಲ್ಲ. ನಿಮಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಸ್ಟುಡಿಯೋದ ಕರಿಬಟ್ಟೆ ಕ್ಯಾಮೆರಾದಲ್ಲಿ ತಿರುಪು ಸಡಿಲಿಸಿ ಮುಂದಿನ ಹಲಗೆಯನ್ನು ಮೇಲಕ್ಕೆತ್ತುತ್ತಿದ್ದಿರಲ್ಲ, ಅದನ್ನೇ ಒಂದು ಲೆನ್ಸಿನೊಳಗೆ ತುರುಕಿದ್ದಾರೆ.

ಶಿಫ್ಟ್ ಬೇಗ ಕೈಗೆ ಹತ್ತಿತು. ಇಲ್ಲಿನ ವೋಟಿವ್‌ಕಿರ್ಖೆ ಎಂಬ ಚರ್ಚಿಗೆ 99 ಮೀಟರಿನ ಜೋಡಿ ಗೋಪುರ. ಕ್ಯಾಮೆರಾ ಮೇಲಕ್ಕೆ ತಿರುಗಿಸಿದರೆ ಎರಡೂ ಒಂದರ ಕಡೆಗೊಂದು ವಾಲುತ್ತವೆ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ನೆಟ್ಟಗಿಟ್ಟರೆ, ತುದಿ ಸಿಗಲು ಸುಮಾರು 130 ಮೀಟರ್ ಹಿಂದೆ ಹೋಗಬೇಕು. ಲೆನ್ಸನ್ನು 12 ಮಿಲಿಮೀಟರ್ ಮೇಲಕ್ಕೆ ಜರುಗಿಸಿದರೆ 80 ಮೀಟರ್ ಸಾಕು! ಜರುಗಿಸುವ ಮೊದಲೇ ಬೆಳಕು ಅಳೆದುಕೊಳ್ಳಬೇಕು, ಆಮೇಲೆ ಕ್ಯಾಮೆರಾದ ಬೆಳಕಿನ ಮೀಟರನ್ನು ನಂಬುವಂತಿಲ್ಲ. ಕಂಪ್ಯೂಟರಿನಲ್ಲೇ ನೆಟ್ಟಗೆ ಮಾಡಬಹುದಲ್ಲ ಅಂತ ತಮ್ಮನ ತಕರಾರು. ಮಾಡಬಹುದು, ಆದರೆ ಗೋಪುರದ ತುದಿಯನ್ನು ಎಳೆದು ಹಿಗ್ಗಿಸಬೇಕು, ಬದಿಗಳನ್ನು ಕತ್ತರಿಸಬೇಕು. ನನಗೆ ಅದು ಹಿಡಿಸುವುದಿಲ್ಲ.

ತಲೆ ತಿಂದದ್ದು ಟಿಲ್ಟ್. ಇದರ ಸೂತ್ರಕ್ಕೆ ಹೆಸರಾದ ಥಿಯೋಡೋರ್ ಶೈಂಪ್‌ಫ್ಲೂಗ್ ಇದೇ ಊರಿನವನು, ಸೇನೆಯಲ್ಲಿ ಕ್ಯಾಪ್ಟನ್. ಆಕಾಶದಿಂದ ಓರೆಯಾಗಿ ತೆಗೆದ ಚಿತ್ರಗಳನ್ನು ನಕ್ಷೆಗೆ ಒಗ್ಗಿಸಲು ಹೊರಟು 1904ರಲ್ಲಿ ಪೇಟೆಂಟ್ ಪಡೆದ. ಚಿತ್ರ ಮೂಡುವ ಸೆನ್ಸರ್, ಲೆನ್ಸ್, ಫೋಕಸ್ ಆಗುವ ತಲ (ಸ್ಪಷ್ಟವಾಗಿ ಕಾಣುವ ಚಪ್ಪಟೆ ಹರವು), ಮೂರನ್ನೂ ಚಾಚುತ್ತ ಹೋದರೆ ಒಂದೇ ಗೆರೆಯಲ್ಲಿ ಕೂಡಬೇಕು. ಲೆನ್ಸು 8.5 ಡಿಗ್ರಿವರೆಗೂ ಓರೆಯಾಗುತ್ತದೆ. ಆದರೆ ಸ್ಟ್ಯಾಂಡ್ 1.4 ಮೀಟರ್ ಎತ್ತರದಲ್ಲಿದ್ದರೆ ಒಂದೇ ಡಿಗ್ರಿಗೆ ಕಾಲಬುಡದ ಕಲ್ಲುಹಾಸಿನಿಂದ ಬೀದಿಯ ಕೊನೆವರೆಗೂ ನೆಲವೆಲ್ಲ ಸ್ಪಷ್ಟ. ಆಮೇಲೆ ಫೋಕಸ್ ರಿಂಗು ಹತ್ತಿರ-ದೂರ ಎಂಬ ಲೆಕ್ಕಕ್ಕೇ ಸಿಗುವುದಿಲ್ಲ. ತಿರುಗಿಸಿದಂತೆ ಆ ತಲ ಪೆಟ್ಟಿಗೆಯ ಮುಚ್ಚಳದ ಹಾಗೆ ನೆಲದಿಂದ ಏಳುತ್ತದೆ. ಪರದೆಯಲ್ಲಿ ಹತ್ತುಪಟ್ಟು ಹಿಗ್ಗಿಸಿ, ಒಮ್ಮೆ ಹತ್ತಿರದ ಕಲ್ಲು, ಒಮ್ಮೆ ದೂರದ ಬಾಗಿಲು ನೋಡುತ್ತ, ಟಿಲ್ಟನ್ನೂ ರಿಂಗನ್ನೂ ಚೂರುಚೂರೇ ಸರಿಪಡಿಸುತ್ತಿರಬೇಕು.

ಉಲ್ಟಾ ಓರೆ ಮಾಡಿ ಊರನ್ನೆಲ್ಲ ಆಟಿಕೆಯಂತೆ ತೋರಿಸುವ ಚಿತ್ರಗಳು ತಮ್ಮನಿಗೆ ಇಷ್ಟ. ಎರಡು ನೋಡುವಷ್ಟರಲ್ಲಿ ನನಗೆ ಸಾಕಾಗುತ್ತದೆ.

ಊರಿಗೆ ಬಂದಾಗ ಇಕ್ಕೇರಿಯಲ್ಲಿ ನಂದಿಮಂಟಪ ಮುಂದೆ, ಅಘೋರೇಶ್ವರ ಹಿಂದೆ ಬರುವಂತೆ ಒಂದು ಚಿತ್ರ ತೆಗೆಯಬೇಕು. ಅಂಗಳಕ್ಕೇನೋ ಟಿಲ್ಟ್ ಸರಿ, ಆದರೆ ಹತ್ತಿರದ ಮಂಟಪದ ಮೇಲ್ಭಾಗ ಮಸುಕಾಗುತ್ತದೆ. ಟಿಲ್ಟ್ ಬಿಟ್ಟು, ಬರೀ ಶಿಫ್ಟ್ ಇಟ್ಟುಕೊಂಡು, ಬೆಳಕಿನ ಕಿಂಡಿ ಕಿರಿದಾಗುವಂತೆ ಅಪರ್ಚರ್ 11ಕ್ಕೆ ಇಳಿಸಿದರೆ ಸಾಕೇ? ನೀವು ಅಲ್ಲಿ ಎಲ್ಲಿ ನಿಂತು ತೆಗೆಯುತ್ತಿದ್ದಿರಿ, ಯಾವ ಹೊತ್ತಿನ ಬಿಸಿಲು ಒಳ್ಳೆಯದು, ಬರೆಯಿರಿ.

ಇಂತಿ ನಿಮ್ಮ,
ರಘು